ಲಿನಕ್ಸ್ ಹಾಕಿಸಿದರೆ ವೈರಸ್ ಕಾಟವೇ ಇರಲ್ವಾ? ಡೀಫಾಲ್ಟ್ ಸೆಟ್ಟಿಂಗ್ ಹೇಳುವ ನಿಜ

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಅಧಿಕೃತ ಬೆಂಬಲ ಮುಗಿಯಿತು. ಹಳೆಯ ಕಂಪ್ಯೂಟರ್ ಇರುವವರಿಗೆಲ್ಲ ಈಗ ಒಂದು ಬಗೆಯ ಸಲಹೆ ಫಾರ್ವರ್ಡ್ ಆಗಿ ಬರುತ್ತಿದೆ: "ಕಂಪ್ಯೂಟರ್ ಗುಜರಿಗೆ ಹಾಕಬೇಡಿ, ಲಿನಕ್ಸ್ ಹಾಕಿಸಿ. ಪೂರ್ತಿ ಉಚಿತ. ವೈರಸ್ ಬರೋದೇ ಇಲ್ಲ."

ಇದರಲ್ಲಿ ಮೊದಲ ಅರ್ಧ ಒಳ್ಳೆಯ ಸಲಹೆ. ಲಿನಕ್ಸ್ ಆಧಾರಿತ ಫೆಡೋರಾ, ಉಬುಂಟು, ಡೆಬಿಯನ್ ಮುಂತಾದ ಆಪರೇಟಿಂಗ್ ಸಿಸ್ಟಂಗಳು ನಿಜವಾಗಿಯೂ ಉಚಿತ. ಅವುಗಳ ಒಳಗೆ ಏನಿದೆ ಎಂದು ಯಾರು ಬೇಕಾದರೂ ನೋಡಬಹುದು, ತಿದ್ದಬಹುದು, ಹಂಚಬಹುದು. ಹಳೆಯ ಯಂತ್ರಗಳಲ್ಲೂ ಸಾಮಾನ್ಯವಾಗಿ ಚೆನ್ನಾಗಿ ಓಡುತ್ತವೆ.

"ವೈರಸ್ ಬರೋದೇ ಇಲ್ಲ" ಅನ್ನುವ ಉಳಿದರ್ಧ ಮಾತ್ರ ನಿಜವಲ್ಲ. ಲಿನಕ್ಸ್ ಇದ್ದ ಲಕ್ಷಾಂತರ ಸಾಧನಗಳಿಗೆ ದುಷ್ಟ ತಂತ್ರಾಂಶಗಳು ನುಗ್ಗಿದ ಉದಾಹರಣೆಗಳಿವೆ. ಹಾಗೆಯೇ, ಲಿನಕ್ಸ್ ಇದ್ದೂ ಯಾವ ತೊಂದರೆಯೂ ಆಗದ ಕಂಪ್ಯೂಟರ್‌ಗಳೂ ಬೇಕಾದಷ್ಟಿವೆ. ಈ ವ್ಯತ್ಯಾಸಕ್ಕೆ ಒಂದು ದೊಡ್ಡ ಕಾರಣವನ್ನು ನಾವು ಗಮನಿಸುವುದೇ ಇಲ್ಲ: ಸಿಸ್ಟಂ ನಿಮ್ಮ ಕೈಗೆ ಬಂದ ಮೊದಲ ದಿನ ಅದರ ಸೆಟ್ಟಿಂಗ್‌ಗಳು ಹೇಗಿದ್ದವು?

ಡೀಫಾಲ್ಟ್ ಅಂದರೆ ಏನು?

ಹೊಸ ಫೋನ್ ತಂದಾಗ ಅದರಲ್ಲಿ ಒಂದು ರಿಂಗ್‌ಟೋನ್ ಮೊದಲೇ ಇರುತ್ತದೆ. ನೀವು ಬದಲಾಯಿಸದಿದ್ದರೆ ಅದೇ ಮೊಳಗುತ್ತದೆ. ಹೀಗೆ ನೀವು ಏನನ್ನೂ ಮುಟ್ಟದೇ ಇದ್ದಾಗ ಇರುವ ಸ್ಥಿತಿಗೆ ಡೀಫಾಲ್ಟ್ ಸೆಟ್ಟಿಂಗ್ ಎನ್ನುತ್ತಾರೆ.

"ಬೇಡ ಅಂದ್ರೆ ಬದಲಾಯಿಸಿದರಾಯಿತಲ್ಲ" ಎಂದು ಅನ್ನಿಸಬಹುದು. ಆದರೆ ಹೆಚ್ಚಿನವರು ಬದಲಾಯಿಸುವುದಿಲ್ಲ. 2003ರಲ್ಲಿ ಎರಿಕ್ ಜಾನ್ಸನ್ ಮತ್ತು ಡೇನಿಯಲ್ ಗೋಲ್ಡ್‌ಸ್ಟೈನ್ ಎಂಬ ಸಂಶೋಧಕರು 'ಸೈನ್ಸ್' ಪತ್ರಿಕೆಯಲ್ಲಿ ಅಂಗಾಂಗ ದಾನದ ಒಪ್ಪಿಗೆಯ ಬಗ್ಗೆ ಒಂದು ಅಧ್ಯಯನ ಪ್ರಕಟಿಸಿದರು. ಜರ್ಮನಿಯಲ್ಲಿ ದಾನಿಯಾಗಲು ನೀವಾಗಿ ಹೆಸರು ಕೊಡಬೇಕಿತ್ತು. ಅಲ್ಲಿ ಒಪ್ಪಿಗೆಯ ಪ್ರಮಾಣ ಶೇ. 12. ಪಕ್ಕದ ಆಸ್ಟ್ರಿಯಾದಲ್ಲಿ 'ಬೇಡ' ಎಂದು ಬರೆದುಕೊಡದವರೆಲ್ಲ ಒಪ್ಪಿದ್ದಾರೆ ಎಂದೇ ಲೆಕ್ಕ. ಅಲ್ಲಿ ಶೇ. 99.98. ನಿಜವಾಗಿ ಎಷ್ಟು ಅಂಗಾಂಗ ದಾನ ನಡೆಯುತ್ತದೆ ಎಂಬುದಕ್ಕೆ ಬೇರೆ ಕಾರಣಗಳೂ ಇವೆ, ಆ ಮಾತು ಬೇರೆ. ಆದರೆ ಎರಡೂ ದೇಶಗಳ ಜನ ಒಂದೇ ಭಾಷೆ ಆಡುವ ನೆರೆಹೊರೆಯವರು. ಅಂಕಿ ಇಷ್ಟೊಂದು ಬೇರೆಯಾಗಲು ಮುಖ್ಯ ಕಾರಣ, ಫಾರಂ ಮುಟ್ಟದವರನ್ನು ಯಾವ ಪಟ್ಟಿಗೆ ಸೇರಿಸುತ್ತಾರೆ ಎಂಬುದು.

ಕಂಪ್ಯೂಟರ್ ವಿಷಯದಲ್ಲೂ ಹೀಗೇ. ಡೀಫಾಲ್ಟ್ ಅಂದರೆ, ಸೆಟ್ಟಿಂಗ್ಸ್ ತೆರೆದೇ ನೋಡದ ಲಕ್ಷಾಂತರ ಜನರ ಪರವಾಗಿ ಬೇರೆ ಯಾರೋ ತೆಗೆದುಕೊಂಡ ತೀರ್ಮಾನ.

ಬಾಗಿಲು ತೆರೆದೇ ಕೊಟ್ಟ ಕಾಲ

2001ರ ಜನವರಿಯಲ್ಲಿ 'ರಾಮೆನ್' ಎಂಬ ವರ್ಮ್ ಹರಡಿತು. ಯಾರೂ ಏನನ್ನೂ ಕ್ಲಿಕ್ ಮಾಡದೇ ಒಂದು ಯಂತ್ರದಿಂದ ಇನ್ನೊಂದಕ್ಕೆ ತಾನಾಗಿಯೇ ಹರಡುವ ದುಷ್ಟ ತಂತ್ರಾಂಶಕ್ಕೆ ವರ್ಮ್ ಎನ್ನುತ್ತಾರೆ. ಅದರ ಗುರಿ ರೆಡ್ ಹ್ಯಾಟ್ ಲಿನಕ್ಸ್ 6.2 ಮತ್ತು 7.0. ಫೈಲ್ ಕಳಿಸುವುದು, ಪ್ರಿಂಟರ್ ಹಂಚಿಕೊಳ್ಳುವುದು ಮುಂತಾದ ಕೆಲಸಗಳಿಗಾಗಿ ಇನ್‌ಸ್ಟಾಲ್ ಆದ ಕೂಡಲೇ ಓಡುತ್ತಿದ್ದ ಪ್ರೋಗ್ರಾಂಗಳಲ್ಲಿ ದೋಷಗಳಿದ್ದವು. ತಿದ್ದುಪಡಿ ತಿಂಗಳುಗಳ ಮೊದಲೇ ಬಂದಿತ್ತು. ಆದರೆ ಅಂಥ ಪ್ರೋಗ್ರಾಂ ತಮ್ಮ ಯಂತ್ರದಲ್ಲಿ ಓಡುತ್ತಿದೆ ಎಂಬುದೇ ಗೊತ್ತಿಲ್ಲದವರು ತಿದ್ದುಪಡಿ ಹಾಕಿಕೊಳ್ಳುವುದು ಹೇಗೆ? ರಾಮೆನ್ ನುಗ್ಗಿದ ಸರ್ವರ್‌ಗಳ ಮುಖಪುಟದಲ್ಲಿ ನೂಡಲ್ಸ್ ಪೊಟ್ಟಣದ ಚಿತ್ರ ಬಂದು ಕುಳಿತಿತ್ತು. ಅದೇ ವರ್ಷ ಏಪ್ರಿಲ್‌ನಲ್ಲಿ ಬಂದ 7.1ರಲ್ಲಿ, ಇನ್‌ಸ್ಟಾಲ್ ಮಾಡುವಾಗಲೇ ಫೈರ್‌ವಾಲ್ ಹೇಗಿರಬೇಕು ಎಂದು ಕೇಳುವ ಪರದೆ ಸೇರಿತ್ತು.

ವಿಂಡೋಸ್ ಕತೆಯೂ ಇದಕ್ಕಿಂತ ಬೇರೆಯಲ್ಲ. ವಿಂಡೋಸ್ ಎಕ್ಸ್‌ಪಿಯಲ್ಲಿ ಫೈರ್‌ವಾಲ್ ಇತ್ತು, ಆದರೆ ಆಫ್ ಆಗಿತ್ತು. 2003ರ ಆಗಸ್ಟ್‌ನಲ್ಲಿ ಬ್ಲಾಸ್ಟರ್ ವರ್ಮ್ ಜಗತ್ತಿನಾದ್ಯಂತ ಹರಡಿತು. 2004ರ ಆಗಸ್ಟ್‌ನಲ್ಲಿ ಬಂದ ಸರ್ವಿಸ್ ಪ್ಯಾಕ್ 2ರಲ್ಲಿ ಅದೇ ಫೈರ್‌ವಾಲ್ ಅನ್ನು ಸುಧಾರಿಸಿ, ತಾನಾಗಿ ಆನ್ ಇರುವಂತೆ ಮಾಡಿದರು. ಕೋಟೆ ಸೂರೆಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದಂತಾಯಿತು, ನಿಜ. ಆದರೂ ಅಲ್ಲಿಂದ ಮುಂದೆ ಬಂದ ಕೋಟ್ಯಂತರ ಕಂಪ್ಯೂಟರ್‌ಗಳಿಗೆ ಅದು ದೊಡ್ಡ ರಕ್ಷಣೆ.

ಇನ್ನೂ ಹತ್ತಿರದ ಉದಾಹರಣೆ 2016ರ 'ಮಿರಾಯ್'. ಸಿಸಿಟಿವಿ ಕ್ಯಾಮೆರಾ, ಡಿವಿಆರ್, ರೌಟರ್‌ಗಳನ್ನು ಅದು ವಶಮಾಡಿಕೊಂಡಿತು. ಅವುಗಳಲ್ಲಿ ಇದ್ದದ್ದು ಲಿನಕ್ಸ್! ಮಿರಾಯ್ ಬಳಿ ಇದ್ದ ಅಸ್ತ್ರ ಬಹಳ ಸರಳ: ಕಂಪನಿಗಳೇ ಹಾಕಿ ಕಳಿಸಿದ್ದ 60ಕ್ಕೂ ಹೆಚ್ಚು ಯೂಸರ್‌ನೇಮ್–ಪಾಸ್‌ವರ್ಡ್ ಜೋಡಿಗಳ ಒಂದು ಪಟ್ಟಿ. ಅದನ್ನು ಒಂದೊಂದಾಗಿ ಹಾಕಿ ನೋಡುತ್ತಿತ್ತು. ಕೊಂಡವರು ಪಾಸ್‌ವರ್ಡ್ ಬದಲಾಯಿಸಿರಲಿಲ್ಲ, ಬಾಗಿಲು ತೆರೆಯುತ್ತಿತ್ತು. 2016ರ ಅಕ್ಟೋಬರ್ 21ರಂದು ಹೀಗೆ ವಶವಾದ ಸಾಧನಗಳನ್ನು 'ಡೈನ್' ಎಂಬ ಇಂಟರ್‌ನೆಟ್ ಸೇವಾ ಕಂಪನಿಯ ಮೇಲೆ ಛೂ ಬಿಟ್ಟಾಗ, ಅಮೆರಿಕದ ಅನೇಕ ಕಡೆ ಟ್ವಿಟರ್, ನೆಟ್‌ಫ್ಲಿಕ್ಸ್‌ನಂಥ ತಾಣಗಳೇ ಗಂಟೆಗಟ್ಟಲೆ ತೆರೆಯಲಿಲ್ಲ.

ಮಕ್ಕಳಿಗೆ ಕಂಪ್ಯೂಟರ್ ಕಲಿಸಲು ಹೆಸರಾದ ರಾಸ್ಪ್‌ಬೆರಿ ಪೈ ಎಂಬ ಅಗ್ಗದ ಪುಟ್ಟ ಕಂಪ್ಯೂಟರ್‌ನಲ್ಲೂ ಇದೇ ತೊಂದರೆ ಇತ್ತು. ಅದರ ಆಪರೇಟಿಂಗ್ ಸಿಸ್ಟಂ ಡೆಬಿಯನ್ ಆಧಾರಿತ. ಅದರಲ್ಲಿ ಎಲ್ಲರಿಗೂ ಒಂದೇ ಯೂಸರ್‌ನೇಮ್ 'ಪೈ', ಒಂದೇ ಪಾಸ್‌ವರ್ಡ್ 'ರಾಸ್ಪ್‌ಬೆರಿ'. ದೂರದಿಂದ ಲಾಗಿನ್ ಆಗುವ ಎಸ್‌ಎಸ್‌ಎಚ್ ಸೌಲಭ್ಯವೂ ಮೊದಲಿನಿಂದಲೇ ಆನ್. 2016ರ ನವೆಂಬರ್‌ನಲ್ಲಿ ಎಸ್‌ಎಸ್‌ಎಚ್ ಅನ್ನು ಡೀಫಾಲ್ಟ್ ಆಗಿ ಆಫ್ ಮಾಡಿದರು. ಆದರೂ ಹಳೆಯ ಯಂತ್ರಗಳು ಹಾಗೇ ಉಳಿದಿದ್ದವು. 2017ರಲ್ಲಿ ಇದೇ ಪಾಸ್‌ವರ್ಡ್ ಬಳಸಿ ಒಳನುಗ್ಗಿ, ಆ ಯಂತ್ರಗಳಿಂದ ಕ್ರಿಪ್ಟೋ ಹಣ ಗಳಿಸುವ ದುಷ್ಟ ತಂತ್ರಾಂಶವೊಂದು ಪತ್ತೆಯಾಯಿತು. ಎಲ್ಲರಿಗೂ ಒಂದೇ ಯೂಸರ್‌ನೇಮ್ ಕೊಡುವ ಪದ್ಧತಿ ಕೊನೆಗೂ ನಿಂತದ್ದು 2022ರ ಏಪ್ರಿಲ್‌ನಲ್ಲಿ.

"ಆಫ್ ಮಾಡಿಯೇ ಕೊಡಿ" ಎಂದವರು

ಬೇರೆ ದಾರಿ ಹಿಡಿದವರೂ ಇದ್ದರು. 1995ರಲ್ಲಿ ಕೆನಡಾದ ಕ್ಯಾಲ್ಗರಿಯಲ್ಲಿ ಥಿಯೋ ಡಿ ರಾಟ್ 'ಓಪನ್‌ಬಿಎಸ್‌ಡಿ' ಎಂಬ ಮುಕ್ತ ಆಪರೇಟಿಂಗ್ ಸಿಸ್ಟಂ ಆರಂಭಿಸಿದರು. ಅವರ ನಿಯಮ ಸರಳ: ಮುಖ್ಯವಲ್ಲದ ಸೇವೆಗಳೆಲ್ಲ ಆಫ್. ಬೇಕಾದವರು ಓದಿ, ತಿಳಿದು, ತಾವೇ ಆನ್ ಮಾಡಿಕೊಳ್ಳಲಿ.

ಅವರು ಇದನ್ನು ಬಾಯಿಮಾತಿಗೆ ಬಿಡಲಿಲ್ಲ, ಲೆಕ್ಕ ಇಟ್ಟರು. ಡೀಫಾಲ್ಟ್ ಸ್ಥಿತಿಯಲ್ಲಿ ದೂರದಿಂದ ಒಳನುಗ್ಗಬಹುದಾದ ದೋಷ ಎಷ್ಟು ಸಿಕ್ಕಿದೆ ಎಂಬುದನ್ನು ತಮ್ಮ ತಾಣದ ಮುಖಪುಟದಲ್ಲೇ ಬರೆದುಕೊಂಡರು. 2002ರವರೆಗೆ ಆ ಸಂಖ್ಯೆ ಸೊನ್ನೆ. 2002ರಲ್ಲಿ ಎಸ್‌ಎಸ್‌ಎಚ್‌ನಲ್ಲಿ ಒಂದು ದೋಷ ಸಿಕ್ಕಿತು, ಸಂಖ್ಯೆ ಒಂದಾಯಿತು. 2007ರಲ್ಲಿ ಇನ್ನೊಂದು ಸಿಕ್ಕಿತು, ಎರಡಾಯಿತು. ಅಂಕಿಯನ್ನು ಅವರು ಮುಚ್ಚಿಡಲಿಲ್ಲ, ಮುಖಪುಟದ ಸಾಲನ್ನೇ ತಿದ್ದಿದರು.

ಇದಕ್ಕೆ ಟೀಕೆಯೂ ಇದೆ. ಎಲ್ಲ ಬಾಗಿಲು ಮುಚ್ಚಿದ ಮನೆಗೆ ಕಳ್ಳ ಬರದಿದ್ದರೆ ಅದೇನು ಮಹಾ, ಜನ ವಾಸ ಮಾಡಲು ಶುರುಮಾಡಿದ ಮೇಲೆ ಬಾಗಿಲು ತೆರೆಯಲೇಬೇಕಲ್ಲ ಎಂಬ ವಾದ. ವಾದದಲ್ಲಿ ಹುರುಳಿದೆ. ಆದರೆ ಈ ಪದ್ಧತಿಯಲ್ಲಿ ಯಾವ ಬಾಗಿಲು ತೆರೆದಿದೆ ಎಂಬುದು ತೆರೆದವರಿಗೆ ಗೊತ್ತಿರುತ್ತದೆ. ರಾಮೆನ್ ಕಾಲದಲ್ಲಿ ಗೊತ್ತಿಲ್ಲದೇ ಇದ್ದದ್ದು ಅದೇ.

ಫೆಡೋರಾ 12: ದೋಷವಲ್ಲದ ದೋಷ

ಒಳ್ಳೆಯ ಉದ್ದೇಶ ಇದ್ದರೆ ಸಾಕೇ? ಸಾಲದು ಎಂಬುದಕ್ಕೆ 2009ರ ಒಂದು ಘಟನೆ ಸಾಕ್ಷಿ.

ಫೆಡೋರಾ 12 ಆ ವರ್ಷ ನವೆಂಬರ್ 17ರಂದು ಬಿಡುಗಡೆಯಾಯಿತು. ಲಿನಕ್ಸ್‌ನಲ್ಲಿ ಹೊಸ ಪ್ರೋಗ್ರಾಂ ಹಾಕಬೇಕಾದರೆ ಅಡ್ಮಿನ್ ಪಾಸ್‌ವರ್ಡ್ ಬೇಕು ಎಂಬುದು ಬಹುತೇಕರು ಅಂದುಕೊಂಡಿದ್ದ ನಿಯಮ. ಆದರೆ ಫೆಡೋರಾ 12ರಲ್ಲಿ, ಕಂಪ್ಯೂಟರ್ ಮುಂದೆ ಕುಳಿತು ಲಾಗಿನ್ ಆದ ಯಾವುದೇ ಸಾಮಾನ್ಯ ಬಳಕೆದಾರ ಪಾಸ್‌ವರ್ಡ್ ಇಲ್ಲದೆಯೇ ಪ್ರೋಗ್ರಾಂ ಹಾಕಬಹುದಿತ್ತು. ಒಂದೇ ಮಿತಿ: ಆ ಪ್ರೋಗ್ರಾಂ ಫೆಡೋರಾದ ಅಧಿಕೃತ ಭಂಡಾರದಿಂದ ಬಂದಿರಬೇಕು, ಅದರ ಮೇಲೆ ಫೆಡೋರಾದ ಡಿಜಿಟಲ್ ಸಹಿ ಇರಬೇಕು.

ಹೀಗೆ ಮಾಡಿದವರ ತರ್ಕ ಇಷ್ಟು: ಮನೆಯ ಕಂಪ್ಯೂಟರ್ ಬಳಸುವವರು ಒಬ್ಬರೋ ಇಬ್ಬರೋ. ಸಹಿ ಇರುವ ಪ್ರೋಗ್ರಾಂ ನಂಬಿಕಸ್ಥ. ಪ್ರತಿಸಲ ಪಾಸ್‌ವರ್ಡ್ ಕೇಳಿದರೆ ಜನ ಬೇಸತ್ತು, ಓದದೇ ಟೈಪ್ ಮಾಡುವ ಅಭ್ಯಾಸ ಬೆಳೆಸಿಕೊಳ್ಳುತ್ತಾರೆ. ಈ ಕೊನೆಯ ಮಾತಂತೂ ತಳ್ಳಿಹಾಕುವಂಥದ್ದಲ್ಲ.

ವಿರೋಧಿಸಿದವರ ತರ್ಕ ಬೇರೆ. ಕಾಲೇಜಿನ ಲ್ಯಾಬ್‌ನಲ್ಲಿ ಒಂದೇ ಯಂತ್ರವನ್ನು ಹತ್ತಾರು ವಿದ್ಯಾರ್ಥಿಗಳು ಬಳಸುತ್ತಾರೆ. ಅವರಲ್ಲಿ ಒಬ್ಬ ಇಡೀ ಡಿಸ್ಕ್ ತುಂಬುವಷ್ಟು ಪ್ರೋಗ್ರಾಂ ಹಾಕಬಹುದು. ಗೊತ್ತಿರುವ ದೋಷ ಇರುವ ಪ್ರೋಗ್ರಾಂ ಹಾಕಿ, ಆ ದೋಷದ ಮೂಲಕ ಪೂರ್ತಿ ಅಧಿಕಾರ ಪಡೆಯಲು ಯತ್ನಿಸಬಹುದು. ಸಹಿ ಇದ್ದರೆ ಅದು ಎಲ್ಲಿಂದ ಬಂತು ಎಂಬುದು ಖಾತ್ರಿ. ಅದರಲ್ಲಿ ಹುಳುಕಿಲ್ಲ ಎಂಬುದಕ್ಕೆ ಸಹಿ ಖಾತ್ರಿಯಲ್ಲ. ಎಲ್ಲಕ್ಕಿಂತ ಹೆಚ್ಚಾಗಿ, ಲ್ಯಾಬ್ ನೋಡಿಕೊಳ್ಳುವವರಿಗೆ ಈ ಬದಲಾವಣೆ ಗೊತ್ತೇ ಇಲ್ಲದಿದ್ದರೆ?

ಬಿಡುಗಡೆಯ ಬೆನ್ನಲ್ಲೇ ಜಗಳ ಜೋರಾಯಿತು. ಕೆಲವೇ ದಿನಗಳಲ್ಲಿ ತಂಡ ನಿರ್ಧಾರ ಬದಲಿಸಿ, ಮತ್ತೆ ಅಡ್ಮಿನ್ ಪಾಸ್‌ವರ್ಡ್ ಕೇಳುವ ಅಪ್‌ಡೇಟ್ ಕೊಡುವುದಾಗಿ ಹೇಳಿತು.

ಇಲ್ಲಿ ಗಮನಿಸಬೇಕಾದದ್ದು, ಫೆಡೋರಾದಲ್ಲಿ ಪರೀಕ್ಷೆ ಮಾಡುವ ದೊಡ್ಡ ತಂಡವೇ ಇತ್ತು. ಬಿಡುಗಡೆಗೆ ಮುಂಚೆ ಎಷ್ಟೋ ಜನ ಅದನ್ನು ಬಳಸಿ ನೋಡಿದ್ದರು. ಆದರೂ ಇದು ತಡೆಯಾಗಲಿಲ್ಲ. ಏಕೆಂದರೆ ಪ್ರೋಗ್ರಾಂ ಕೆಟ್ಟಿರಲಿಲ್ಲ, ಬರೆದವರು ಹೇಳಿದ್ದನ್ನೇ ಅದು ಮಾಡುತ್ತಿತ್ತು. 'ಇದು ತಪ್ಪು' ಎಂದು ತೋರಿಸಲು ಪರೀಕ್ಷೆ ಮಾಡುವವರ ಕೈಯಲ್ಲಿ ಬರೆದಿಟ್ಟ ಒಂದು ನಿಯಮ ಬೇಕಿತ್ತು. ಅದು ಇರಲಿಲ್ಲ. ಸರಿ ಯಾವುದು ಎಂದು ಮೊದಲು ಬರೆದುಕೊಡಿ, ಆಮೇಲೆ ತಪ್ಪು ಹುಡುಕುತ್ತೇವೆ ಎಂಬ ವಾದ ಪರೀಕ್ಷಾ ತಂಡದ ಕಡೆಯಿಂದಲೇ ಬಂತು. ಮುಂದಿನ ತಿಂಗಳುಗಳಲ್ಲಿ, ಸಾಮಾನ್ಯ ಬಳಕೆದಾರ ಅಡ್ಮಿನ್ ಒಪ್ಪಿಗೆ ಇಲ್ಲದೇ ಏನೇನು ಮಾಡುವಂತಿಲ್ಲ ಎಂಬ ಲಿಖಿತ ನೀತಿಯನ್ನು ಫೆಡೋರಾ ಒಪ್ಪಿಕೊಂಡಿತು.

ಬರೆದಿಟ್ಟ ಷರತ್ತಿನ ಬಲ

ಇಂಥ ಲಿಖಿತ ನಿಯಮಗಳನ್ನೇ ಬಿಡುಗಡೆಯ ಷರತ್ತುಗಳು ಎನ್ನುತ್ತಾರೆ. ಇವು ಸಲಹೆಗಳಲ್ಲ. ಒಂದು ಷರತ್ತು ಮುರಿದಿದ್ದರೂ ಬಿಡುಗಡೆ ನಿಲ್ಲುತ್ತದೆ. ಫೆಡೋರಾದಲ್ಲಿ ಕೊನೆಯ ಹಂತದಲ್ಲಿ 'ಬಿಡಬೇಕೋ ಬೇಡವೋ' ಎಂದು ತೀರ್ಮಾನಿಸಲು ಒಂದು ಸಭೆಯೇ ನಡೆಯುತ್ತದೆ. ಅಲ್ಲಿ ಈ ಪಟ್ಟಿ ಮುಂದಿಟ್ಟುಕೊಂಡೇ ಚರ್ಚೆ.

ಆ ಪಟ್ಟಿಯಲ್ಲಿ ಸುರಕ್ಷತೆಗೆ ಸಂಬಂಧಿಸಿದ ಕೆಲವು ಅಂಶಗಳು ಹೀಗಿವೆ:

• ಬೇರೆ ಹೇಳದ ಹೊರತು, ಇನ್‌ಸ್ಟಾಲ್ ಆದ ಕೂಡಲೇ 'ಎಸ್‌ಇಲಿನಕ್ಸ್' ಚಾಲೂ ಇರಬೇಕು. ಪ್ರತಿಯೊಂದು ಪ್ರೋಗ್ರಾಂಗೂ ಅದರ ಕೆಲಸಕ್ಕೆ ಬೇಕಾದಷ್ಟೇ ಅನುಮತಿ ಕೊಡುವ ಕಾವಲು ವ್ಯವಸ್ಥೆ ಇದು. ಬರೀ ಎಚ್ಚರಿಕೆ ಬರೆದುಕೊಂಡು ಸುಮ್ಮನಾಗದೆ, ನಿಜವಾಗಿ ತಡೆಯುವ ಸ್ಥಿತಿಯಲ್ಲಿರಬೇಕು.

• ಸರ್ವರ್ ಆವೃತ್ತಿಯಲ್ಲಿ ಫೈರ್‌ವಾಲ್ ಮೊದಲಿನಿಂದಲೇ ಆನ್ ಇರಬೇಕು. ಹೊರಗಿನ ಸಂಪರ್ಕಕ್ಕೆ ತೆರೆದಿರಬಹುದಾದ ಪೋರ್ಟ್‌ಗಳು, ಅಂದರೆ ಯಂತ್ರದ ಬಾಗಿಲುಗಳು, ಪಟ್ಟಿ ಮಾಡಿದ ಕೆಲವೇ ಕೆಲವು.

• ಆಮೇಲೆ ಅಪ್‌ಡೇಟ್ ಕೊಟ್ಟು ಸರಿಪಡಿಸಲಾಗದ ಗಂಭೀರ ಸುರಕ್ಷತಾ ದೋಷ ಗೊತ್ತಿದ್ದರೆ ಬಿಡುಗಡೆ ಮಾಡುವಂತಿಲ್ಲ.

ಮೂರನೆಯದು ಯಾಕೆ ಮುಖ್ಯ ಎಂದು ನೋಡಿ. ನೀವು ಪೆನ್‌ಡ್ರೈವ್‌ಗೆ ಹಾಕಿಕೊಳ್ಳುವ ಇನ್‌ಸ್ಟಾಲ್ ಫೈಲ್ ಒಮ್ಮೆ ಹೊರಬಿದ್ದರೆ ಹಾಗೇ ಉಳಿಯುತ್ತದೆ. ಆರು ತಿಂಗಳ ನಂತರ ಯಾರೋ ಅದೇ ಪೆನ್‌ಡ್ರೈವ್‌ನಿಂದ ಇನ್‌ಸ್ಟಾಲ್ ಮಾಡುವಾಗ, ಆ ಅರ್ಧ ಗಂಟೆ ಅವರ ಯಂತ್ರ ಹಳೆಯ ದೋಷದ ಜೊತೆಗೇ ಇರುತ್ತದೆ. ಆ ಹಂತಕ್ಕೆ ಅಪ್‌ಡೇಟ್ ತಲುಪುವುದಿಲ್ಲ. ಅದನ್ನು ತಡೆಯಲು ಇರುವ ಒಂದೇ ಜಾಗ ಬಿಡುಗಡೆಯ ಹೊಸ್ತಿಲು.

ಡೆಬಿಯನ್‌ನ ದಾರಿ ಸ್ವಲ್ಪ ಬೇರೆ. ಸಿದ್ಧವಾದಾಗ ಬಿಡುಗಡೆ ಎಂಬುದು ಅವರ ಪದ್ಧತಿ. ಒಂದು ಪ್ರೋಗ್ರಾಂ ಹಾಕಿದ ಮಾತ್ರಕ್ಕೆ ಯಂತ್ರದಲ್ಲಿ ಸುರಕ್ಷತೆಯ ಬಿರುಕು ಉಂಟಾದರೆ ಅದನ್ನು ಅತ್ಯಂತ ಗಂಭೀರ ದರ್ಜೆಯ ದೋಷ ಎಂದು ಗುರುತಿಸುತ್ತಾರೆ. ಅಂಥದ್ದನ್ನು ಸರಿಪಡಿಸದಿದ್ದರೆ ಆ ಪ್ರೋಗ್ರಾಂ ಅನ್ನೇ ಬಿಡುಗಡೆಯಿಂದ ಹೊರಗಿಡಬಹುದು.

ಹೊಸ್ತಿಲಲ್ಲಿ ತಡೆದು ನಿಲ್ಲಿಸಿದ ಉದಾಹರಣೆಯೂ ಇದೆ. 2022ರ ಅಕ್ಟೋಬರ್ 25ರಂದು 'ಓಪನ್‌ಎಸ್‌ಎಸ್‌ಎಲ್' ತಂಡ, ಅತಿ ಗಂಭೀರ ದೋಷವೊಂದರ ತಿದ್ದುಪಡಿಯನ್ನು ನವೆಂಬರ್ 1ಕ್ಕೆ ಕೊಡುವುದಾಗಿ ಪ್ರಕಟಿಸಿತು. ಇಂಟರ್‌ನೆಟ್‌ನಲ್ಲಿ ಮಾಹಿತಿಯನ್ನು ಗುಟ್ಟಾಗಿ ಕಳಿಸಲು ಬಹಳಷ್ಟು ಸರ್ವರ್‌ಗಳು ನೆಚ್ಚಿರುವ ತಂತ್ರಾಂಶ ಅದು. ದೋಷ ಏನೆಂದು ಆಗ ಹೊರಗಿನವರಿಗೆ ಗೊತ್ತಿರಲಿಲ್ಲ. ಫೆಡೋರಾ 37 ಅದಾಗಲೇ ತಡವಾಗಿತ್ತು, ಬಿಡುಗಡೆಯ ಬಾಗಿಲಲ್ಲಿತ್ತು. ಆದರೂ ತಂಡ ಅದನ್ನು ಮತ್ತೆ ಮುಂದೂಡಿ, ನವೆಂಬರ್ 15ರಂದು ಬಿಡುಗಡೆ ಮಾಡಿತು. ನವೆಂಬರ್ 1ಕ್ಕೆ ವಿವರ ಬಂದಾಗ ಆ ದೋಷದ ತೀವ್ರತೆಯನ್ನು ಒಂದು ಮೆಟ್ಟಿಲು ಇಳಿಸಲಾಗಿತ್ತು. ಹಾಗಾದರೆ ಕಾದದ್ದು ದಂಡವೇ? ಸೀಟ್ ಬೆಲ್ಟ್ ಹಾಕಿಕೊಂಡ ದಿನ ಅಪಘಾತ ಆಗದಿದ್ದರೆ ಬೆಲ್ಟ್ ದಂಡ ಎನ್ನುತ್ತೇವೆಯೇ?

ಎಲ್ಲ ಬಿಗಿ ಮಾಡಿದರೆ ಮುಗಿಯಿತೇ?

ಅದೂ ಅಲ್ಲ. ಅತಿಯಾದ ಬಿಗಿ ತಿರುಗುಬಾಣ ಆಗುತ್ತದೆ. ಮಾತುಮಾತಿಗೂ ತಡೆಯುವ ಸೆಟ್ಟಿಂಗ್ ಇದ್ದರೆ, ಅದನ್ನು ಆಫ್ ಮಾಡುವುದು ಹೇಗೆ ಎಂದು ಹೇಳಿಕೊಡುವ ವಿಡಿಯೊಗಳು ಹುಟ್ಟಿಕೊಳ್ಳುತ್ತವೆ. ಎಸ್‌ಇಲಿನಕ್ಸ್‌ಗೂ ಹಾಗೇ ಆಯಿತು. "ಮೊದಲು ಎಸ್‌ಇಲಿನಕ್ಸ್ ಆಫ್ ಮಾಡಿ" ಎಂಬುದು ವರ್ಷಗಟ್ಟಲೆ ಇಂಟರ್‌ನೆಟ್‌ನಲ್ಲಿ ಸಿಗುತ್ತಿದ್ದ ಸಾಮಾನ್ಯ ಸಲಹೆ.

2014ರ ಡಿಸೆಂಬರ್‌ನಲ್ಲಿ ಬಂದ ಫೆಡೋರಾ 21ರ ಡೆಸ್ಕ್‌ಟಾಪ್ ಆವೃತ್ತಿಯಲ್ಲಿ ಫೈರ್‌ವಾಲ್ ಸಡಿಲಿಸಿ, 1025ರಿಂದ 65535ರವರೆಗಿನ ಪೋರ್ಟ್‌ಗಳನ್ನು ತೆರೆದಿಟ್ಟರು. ಮನೆಯ ನೆಟ್‌ವರ್ಕ್‌ನಲ್ಲಿ ಹಾಡು, ಫೈಲ್ ಹಂಚಿಕೊಳ್ಳುವಾಗ ಏಕೆ ಕೆಲಸ ಮಾಡುತ್ತಿಲ್ಲ ಎಂದು ಜನ ಒದ್ದಾಡಿ, ಕೊನೆಗೆ ಫೈರ್‌ವಾಲ್ ಅನ್ನೇ ಪೂರ್ತಿ ಆಫ್ ಮಾಡಬಾರದು ಎಂಬುದು ಅದರ ಹಿಂದಿನ ಆಲೋಚನೆ. ಇದು ಸರಿಯೇ ಎಂಬ ಚರ್ಚೆ ಆಗಲೂ ಆಯಿತು. ಸರಿ ಎನ್ನಿ, ತಪ್ಪು ಎನ್ನಿ, ತೀರ್ಮಾನ ಬರಹದಲ್ಲಿತ್ತು, ಎಲ್ಲರೂ ನೋಡಿ ಪ್ರಶ್ನಿಸುವಂತಿತ್ತು. ಫೆಡೋರಾ 12ರ ದಿನಗಳಿಗೂ ಇದಕ್ಕೂ ಇರುವ ವ್ಯತ್ಯಾಸ ಇದು.

ಉಬುಂಟು ಇದಕ್ಕೆ ವಿರುದ್ಧ ದಿಕ್ಕಿನಲ್ಲಿ ಸಾಗಿದ ಉದಾಹರಣೆ. 2021ರ ಏಪ್ರಿಲ್‌ವರೆಗೂ ಉಬುಂಟುವಿನಲ್ಲಿ ಒಂದು ಯಂತ್ರಕ್ಕೆ ಇಬ್ಬರು ಬಳಕೆದಾರರಿದ್ದರೆ, ಒಬ್ಬರ ಫೋಲ್ಡರ್ ಅನ್ನು ಇನ್ನೊಬ್ಬರು ತೆರೆದು ಓದಬಹುದಿತ್ತು. ಬೇಡ ಎಂದವರು ತಾವೇ ಬದಲಾಯಿಸಿಕೊಳ್ಳಬೇಕಿತ್ತು. 21.04 ಆವೃತ್ತಿಯಿಂದ ಹೊಸ ಬಳಕೆದಾರರ ಫೋಲ್ಡರ್ ಮೊದಲಿನಿಂದಲೇ ಖಾಸಗಿ. ಮನೆಮಂದಿಗೆಲ್ಲ ಒಂದೇ ಕಂಪ್ಯೂಟರ್ ಇರುವ ಕಡೆ ಇದು ಸಣ್ಣ ವಿಷಯವಲ್ಲ.

ನಿಮ್ಮ ಜೇಬಿನಲ್ಲಿರುವ ಲಿನಕ್ಸ್

"ನಮ್ಮ ಮನೆಯಲ್ಲಿ ಕಂಪ್ಯೂಟರೇ ಇಲ್ಲ, ಇದೆಲ್ಲ ನಮಗೇಕೆ" ಎನ್ನುವವರಿಗೆ ಒಂದು ಮಾತು. ನಿಮ್ಮ ಆಂಡ್ರಾಯ್ಡ್ ಫೋನ್ ಒಳಗಿರುವ ತಿರುಳೂ ಲಿನಕ್ಸ್. ಆಂಡ್ರಾಯ್ಡ್‌ನ ಮೂಲ ಭಾಗ ಮುಕ್ತವಾಗಿದ್ದು, ಫೋನ್ ತಯಾರಿಸುವ ಕಂಪನಿಗಳು ಅದನ್ನು ತೆಗೆದುಕೊಂಡು ಬಳಸುತ್ತವೆ. 'ಆಂಡ್ರಾಯ್ಡ್‌ಗೆ ಹೊಂದುವ ಸಾಧನ' ಎನ್ನಿಸಿಕೊಳ್ಳಲು ಏನೇನು ಇರಬೇಕು ಎಂದು ಗೂಗಲ್ ಒಂದು ಷರತ್ತುಪಟ್ಟಿ ಹೊರಡಿಸುತ್ತದೆ.

ಆ ಪಟ್ಟಿಯಲ್ಲಿ ಒಂದು ಪದ ಬದಲಾಗಲು ಎಷ್ಟು ಕಾಲ ಹಿಡಿಯಿತು ನೋಡಿ. ಫೋನ್ ಕಳೆದುಹೋದರೆ ಒಳಗಿನ ಫೋಟೊ, ಸಂದೇಶಗಳನ್ನು ಬೇರೆಯವರು ಓದದಂತೆ ಗೂಢಲಿಪಿಗೆ ತಿರುಗಿಸಿಡುವುದನ್ನು ಎನ್‌ಕ್ರಿಪ್ಷನ್ ಎನ್ನುತ್ತಾರೆ. 2014ರಲ್ಲಿ ಆಂಡ್ರಾಯ್ಡ್ 5.0 ಬರುವಾಗ, ಹೊಸ ಫೋನ್‌ಗಳಲ್ಲಿ ಇದು ಡೀಫಾಲ್ಟ್ ಆಗಿ ಇರುತ್ತದೆ ಎಂಬ ಮಾತು ಕೇಳಿಬಂದಿತ್ತು. ಆದರೆ ಷರತ್ತುಪಟ್ಟಿಯಲ್ಲಿ ಬಂದದ್ದು 'ಇರುವುದು ಒಳಿತು' ಎಂಬ ಧಾಟಿಯ ಬಲವಾದ ಶಿಫಾರಸು, ಮುಂದೆ ಕಡ್ಡಾಯ ಆಗಬಹುದು ಎಂಬ ಸೂಚನೆ. ಎನ್‌ಕ್ರಿಪ್ಷನ್‌ನಿಂದ ಫೋನ್ ನಿಧಾನವಾಗುತ್ತದೆ ಎಂಬ ಅಳುಕು ಇತ್ತು. ಹಾಗಾಗಿ ಎಷ್ಟೋ ಹೊಸ ಫೋನ್‌ಗಳು ಅದಿಲ್ಲದೆಯೇ ಅಂಗಡಿಗೆ ಬಂದವು.

2015ರಲ್ಲಿ ಆಂಡ್ರಾಯ್ಡ್ 6.0 ಬಂದಾಗ ಆ ಪದ 'ಇರಲೇಬೇಕು' ಎಂದಾಯಿತು. ಆದರೆ ಒಂದು ವಿನಾಯಿತಿ ಉಳಿಯಿತು: ಪ್ರೊಸೆಸರ್ ವೇಗ ಸಾಲದ ಫೋನ್‌ಗಳಿಗೆ ಕಡ್ಡಾಯವಿಲ್ಲ. ವೇಗ ಸಾಲದ ಫೋನ್ ಅಂದರೆ ಅಗ್ಗದ ಫೋನ್. ದುಬಾರಿ ಫೋನ್ ಕೊಂಡವರಿಗೆ ರಕ್ಷಣೆ ತಾನಾಗಿ ಬಂತು. ಕಡಿಮೆ ದುಡ್ಡಿನ ಫೋನ್ ಕೊಂಡವರು ಹೊರಗುಳಿದರು.

ಈ ಬಿರುಕು ಮುಚ್ಚಲು 2019ರ ಫೆಬ್ರುವರಿಯಲ್ಲಿ ಗೂಗಲ್ 'ಅಡಿಯಾಂಟಮ್' ಎಂಬ ಹೊಸ ವಿಧಾನ ಪ್ರಕಟಿಸಿತು. ಎನ್‌ಕ್ರಿಪ್ಷನ್‌ಗೆಂದೇ ವಿಶೇಷ ಸೌಲಭ್ಯ ಇಲ್ಲದ ಸಾದಾ ಪ್ರೊಸೆಸರ್‌ಗಳಲ್ಲೂ ಅದು ವೇಗವಾಗಿ ಓಡುತ್ತದೆ. ಅದೇ ವರ್ಷ ಬಂದ ಆಂಡ್ರಾಯ್ಡ್ 10ರೊಂದಿಗೆ ಹೊಸದಾಗಿ ಬಿಡುಗಡೆಯಾಗುವ ಎಲ್ಲ ಸಾಧನಗಳಿಗೂ ಎನ್‌ಕ್ರಿಪ್ಷನ್ ಕಡ್ಡಾಯ, ವಿನಾಯಿತಿ ಇಲ್ಲ ಎಂದಾಯಿತು. 'ಒಳಿತು' ಎಂಬಲ್ಲಿಂದ ಎಲ್ಲರಿಗೂ 'ಇರಲೇಬೇಕು' ಎಂಬಲ್ಲಿಗೆ ಬರಲು ಐದು ವರ್ಷ ಬೇಕಾಯಿತು. ಷರತ್ತನ್ನು ಸಡಿಲವಾಗಿ ಬರೆದಾಗ ಯಾರು ಹೊರಗುಳಿಯುತ್ತಾರೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ಬೇಡ.

ಈಗ ಕಾನೂನುಗಳೂ ಈ ದಿಕ್ಕಿಗೆ ತಿರುಗಿವೆ. ಬ್ರಿಟನ್‌ನಲ್ಲಿ 2024ರ ಏಪ್ರಿಲ್ 29ರಿಂದ, ಇಂಟರ್‌ನೆಟ್‌ಗೆ ಸೇರುವ ಸಾಧನಗಳನ್ನು ಸುಲಭವಾಗಿ ಊಹಿಸಬಹುದಾದ ಡೀಫಾಲ್ಟ್ ಪಾಸ್‌ವರ್ಡ್ ಜೊತೆ ಮಾರುವಂತಿಲ್ಲ. ಐರೋಪ್ಯ ಒಕ್ಕೂಟದ ಸೈಬರ್ ಕಾಯ್ದೆಯೊಂದರ ಮುಖ್ಯ ನಿಯಮಗಳು 2027ರ ಡಿಸೆಂಬರ್ 11ರಿಂದ ಅನ್ವಯವಾಗುತ್ತವೆ. ಆಗ ಸುರಕ್ಷಿತ ಡೀಫಾಲ್ಟ್ ಇರುವುದು ಮಾರಾಟಕ್ಕೇ ಷರತ್ತು. ಲಾಭಕ್ಕಾಗಿ ಅಲ್ಲದೆ ಮುಕ್ತ ತಂತ್ರಾಂಶ ಬರೆಯುವವರಿಗೆ ಅದರಿಂದ ವಿನಾಯಿತಿ ಇದೆ. ಅಂಥ ಯೋಜನೆಗಳು ತಮ್ಮ ಷರತ್ತನ್ನು ತಾವೇ ಬರೆದುಕೊಳ್ಳಬೇಕು.

ಫಾರ್ವರ್ಡ್ ಕೇಳುವುದು ಏನನ್ನು?

ಡೀಫಾಲ್ಟ್ ಎಷ್ಟೇ ಚೆನ್ನಾಗಿರಲಿ, ಅದನ್ನು ಕೆಡಿಸಲು ಒಂದು ಸಂದೇಶ ಸಾಕು. ವಾಟ್ಸ್ಆ್ಯಪ್‌ನಲ್ಲಿ ಮದುವೆ ಆಮಂತ್ರಣ, ಟ್ರಾಫಿಕ್ ದಂಡದ ಚಲನ್, ಬ್ಯಾಂಕ್ ಕೆವೈಸಿ ಎಂಬ ಹೆಸರಿನಲ್ಲಿ ಎಪಿಕೆ ಫೈಲ್‌ಗಳು ಬರುತ್ತವೆ. ಎಪಿಕೆ ಅಂದರೆ ಆ್ಯಪ್ ಹಾಕುವ ಫೈಲ್. ಪೊಲೀಸರು ಇವುಗಳ ಬಗ್ಗೆ ಎಚ್ಚರಿಸುತ್ತಲೇ ಇದ್ದಾರೆ. ಇಂಥ ಆ್ಯಪ್ ಒಳಬಂದರೆ ನಿಮ್ಮ ಎಸ್‌ಎಂಎಸ್ ಓದಿ, ಒಟಿಪಿ ಕದ್ದು, ಖಾತೆಯ ಹಣಕ್ಕೆ ಕೈಹಾಕಬಹುದು.

ಆಂಡ್ರಾಯ್ಡ್ ಇದನ್ನು ಮೊದಲಿಗೆ ತಡೆಯುತ್ತದೆ. ಪ್ಲೇ ಸ್ಟೋರ್‌ನಂಥ ಅಂಗಡಿಯ ಹೊರಗಿನಿಂದ ಆ್ಯಪ್ ಹಾಕುವ ಅನುಮತಿ ಡೀಫಾಲ್ಟ್ ಆಗಿ ಆಫ್. ಹಿಂದೆ ಇದಕ್ಕೆ ಇಡೀ ಫೋನ್‌ಗೆ ಒಂದೇ ಸ್ವಿಚ್ ಇತ್ತು, ಒಮ್ಮೆ ಆನ್ ಮಾಡಿದರೆ ಎಲ್ಲದಕ್ಕೂ ಬಾಗಿಲು ತೆರೆದಂತೆ. 2017ರ ಆಂಡ್ರಾಯ್ಡ್ 8.0ಯಿಂದ ಪ್ರತಿಯೊಂದು ಆ್ಯಪ್‌ಗೂ ಬೇರೆಬೇರೆ ಅನುಮತಿ ಕೊಡಬೇಕು. ಹಾಗಾಗಿಯೇ ಮೋಸದ ಸಂದೇಶದ ಜೊತೆ "ಸೆಟ್ಟಿಂಗ್ಸ್‌ಗೆ ಹೋಗಿ, ಇದನ್ನು ಅಲೋ ಮಾಡಿ" ಎಂಬ ಸೂಚನೆಯೂ ಬರುತ್ತದೆ. ಬೀಗ ಒಡೆಯಲಾಗದವನು ಮನೆಯವರಿಂದಲೇ ಬಾಗಿಲು ತೆಗೆಸುವ ಉಪಾಯ ಇದು.

ಹಾಗಾದರೆ ನೀವು ಏನು ಮಾಡಬಹುದು?

• ಯಾವುದೇ ಸಂದೇಶ, ಕರೆ, ವಿಡಿಯೊ ಒಂದು ಸುರಕ್ಷತಾ ಸೆಟ್ಟಿಂಗ್ ಆಫ್ ಮಾಡಲು ಹೇಳಿದರೆ ಅಲ್ಲೇ ನಿಲ್ಲಿ. ಅದು ಯಾಕೆ ಆನ್ ಇತ್ತು ಎಂದು ಮೊದಲು ತಿಳಿಯಿರಿ. ಕಳಿಸಿದವರು ನೆಂಟರೇ ಆಗಿದ್ದರೂ ಫೋನ್ ಮಾಡಿ ಕೇಳಿ, ಅವರ ಖಾತೆಯೇ ಬೇರೆಯವರ ಕೈಯಲ್ಲಿರಬಹುದು.

• ಹೊಸ ರೌಟರ್, ಸಿಸಿಟಿವಿ ತಂದರೆ ಕಂಪನಿ ಕೊಟ್ಟ ಪಾಸ್‌ವರ್ಡ್ ಅನ್ನು ಅದೇ ದಿನ ಬದಲಾಯಿಸಿ. ಹಾಕಿಕೊಡಲು ಬಂದವರಿಗೇ ಹೇಳಿ ಮಾಡಿಸಿ.

• ಹಳೆಯ ಕಂಪ್ಯೂಟರ್‌ಗೆ ಲಿನಕ್ಸ್ ಹಾಕಿಸುವುದಾದರೆ ಧಾರಾಳವಾಗಿ ಹಾಕಿಸಿ. ಅಧಿಕೃತ ತಾಣದಿಂದಲೇ ಡೌನ್‌ಲೋಡ್ ಮಾಡಿ. ಈಗಲೂ ಅಪ್‌ಡೇಟ್ ಸಿಗುತ್ತಿರುವ ಆವೃತ್ತಿಯೇ ಎಂದು ನೋಡಿ. ಹಾಕಿಕೊಡುವವರು "ಇದು ಕಿರಿಕಿರಿ" ಎಂದು ಫೈರ್‌ವಾಲ್ ಆಫ್ ಮಾಡಿ ಹೋಗದಂತೆ ನೋಡಿಕೊಳ್ಳಿ. ಮನೆಯಲ್ಲಿ ಪ್ರತಿಯೊಬ್ಬರಿಗೂ ಬೇರೆ ಲಾಗಿನ್ ಮಾಡಿಸಿ.

• ಆಗಲೇ ಮೋಸಹೋಗಿ ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ. ಇದು ಸೈಬರ್ ವಂಚನೆಗೆಂದೇ ಇರುವ ರಾಷ್ಟ್ರೀಯ ಸಹಾಯವಾಣಿ.

ಒಟ್ಟಿನಲ್ಲಿ

"ಲಿನಕ್ಸ್ ಹಾಕಿದರೆ ವೈರಸ್ ಬರಲ್ಲ" ಎಂಬ ಮಾತು ತಪ್ಪು. ಲಿನಕ್ಸ್ ಹೆಸರಿದ್ದೂ ಡೀಫಾಲ್ಟ್ ಪಾಸ್‌ವರ್ಡ್‌ನಿಂದಾಗಿ ಬಲಿಯಾದ ಸಾಧನಗಳನ್ನು ನೋಡಿದೆವು. ಯಾವ ಸಿಸ್ಟಂ ಒಳ್ಳೆಯದು ಎಂದು ಯಾರಾದರೂ ಕೇಳಿದರೆ ಎರಡು ಪ್ರಶ್ನೆ ಕೇಳಲು ಹೇಳಿ: ನಾನು ಏನನ್ನೂ ಮುಟ್ಟದಿದ್ದರೆ ಇದು ನನ್ನನ್ನು ಕಾಯುತ್ತದೆಯೇ? ಕಾಯದಿದ್ದರೆ ಬಿಡುಗಡೆಯನ್ನೇ ನಿಲ್ಲಿಸುತ್ತೇವೆ ಎಂದು ತಯಾರಿಸಿದವರು ಬರೆದುಕೊಟ್ಟಿದ್ದಾರೆಯೇ?

ಮುಕ್ತ ತಂತ್ರಾಂಶದ ಅನುಕೂಲ ಇಲ್ಲೇ ಇದೆ. ಎರಡನೆಯ ಪ್ರಶ್ನೆಗೆ ಉತ್ತರವನ್ನು ಯಾರು ಬೇಕಾದರೂ ಹೋಗಿ ಓದಬಹುದು, ಸಾಲದು ಅನ್ನಿಸಿದರೆ ಫೆಡೋರಾ 12ರ ಬಳಕೆದಾರರಂತೆ ಜಗಳ ಆಡಿ ಬದಲಾಯಿಸಬಹುದು. ಮುಂದಿನ ಸಲ ಆ ಫಾರ್ವರ್ಡ್ ಬಂದರೆ, "ಲಿನಕ್ಸ್ ಹಾಕಿಸಿ" ಎಂಬಷ್ಟನ್ನು ಉಳಿಸಿಕೊಂಡು "ವೈರಸ್ ಬರಲ್ಲ" ಎಂಬ ಸಾಲನ್ನು ಅಳಿಸಿ ಮುಂದೆ ಕಳಿಸಿ.